ವಾಲ್ವಿಗೆ ಬೀಗ: ನಿರ್ವಹಣಾ ಕೆಲಸಕ್ಕೆ ಸರಿಯಾದ ಲಾಕೌಟ್ ಸಾಧನವನ್ನು ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಖಾನೆಯ ಫಿಟ್ಟರುಗಳು, ಶಿಫ್ಟ್ ಎಂಜಿನಿಯರುಗಳು, ಸುರಕ್ಷತಾ ಅಧಿಕಾರಿಗಳು ಮತ್ತು ಸಾಮಾನು ತರಿಸುವ ಸ್ಟೋರ್ಸ್ ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪುಟವನ್ನು ಬರೆಯಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಸಕ್ಕರೆ ಕಾರ್ಖಾನೆಯವು. ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆಯವರಿಗೆ ಆ ಯಂತ್ರಗಳ ಪರಿಚಯವಿದೆ. ಹಬೆ, ಕುದಿಯುವ ಕಬ್ಬಿನ ರಸ, ಕಾಸ್ಟಿಕ್ ಸೋಡಾ, ಒತ್ತಡದ ಗಾಳಿ, ವ್ಯಾಕ್ಯೂಮ್ ಇವೆಲ್ಲ ಒಂದೇ ಸೂರಿನಡಿ ಸಿಗುವುದೂ ಅಲ್ಲಿಯೇ. ಔಷಧ, ಡೈರಿ, ಕಾಗದ, ಉಕ್ಕಿನ ಕಾರ್ಖಾನೆಗಳಿಗೂ ಇಲ್ಲಿನ ವಿಚಾರ ಅಷ್ಟೇ ಅನ್ವಯಿಸುತ್ತದೆ.

ವಾಲ್ವ್ ಲಾಕೌಟ್ ಎಂದರೇನು? ವಾಲ್ವ್ ಮುಚ್ಚಿ "ಕೆಲಸ ನಡೆಯುತ್ತಿದೆ" ಎಂಬ ಫಲಕ ತೂಗುಹಾಕಿದರೆ ಸಾಲದೇ?

ದುರಸ್ತಿಗೆ ತೆಗೆದುಕೊಂಡ ಯಂತ್ರಕ್ಕೆ ಹಬೆ, ನೀರು, ಗಾಳಿ ಅಥವಾ ರಾಸಾಯನಿಕ ಬರುವ ದಾರಿಯ ವಾಲ್ವನ್ನು ಮುಚ್ಚಿ, ಅದರ ಚಕ್ರ ಅಥವಾ ಹಿಡಿಕೆ ಅಲುಗದಂತೆ ಒಂದು ಸಾಧನವನ್ನು ತೊಡಿಸಿ, ಕೆಲಸ ಮಾಡುವವರು ಆ ಸಾಧನಕ್ಕೆ ತಮ್ಮದೇ ಬೀಗ ಹಾಕಿ ಕೀಲಿಕೈಯನ್ನು ತಮ್ಮ ಜೇಬಿನಲ್ಲಿಟ್ಟುಕೊಳ್ಳುವುದನ್ನು ವಾಲ್ವ್ ಲಾಕೌಟ್ ಎನ್ನುತ್ತಾರೆ. ಫಲಕವು ಓದುವವರಿಗೆ ಮಾತ್ರ ಎಚ್ಚರಿಕೆ ಕೊಡುತ್ತದೆ. ರಾತ್ರಿ ಪಾಳಿಯಲ್ಲಿ, ಹಬೆ ಕವಿದ ಜಾಗದಲ್ಲಿ, ಎಣ್ಣೆ ಮೆತ್ತಿಕೊಂಡ ಫಲಕವನ್ನು ಗಮನಿಸದೆ ಚಕ್ರಕ್ಕೆ ಕೈ ಹಾಕುವವರನ್ನು ತಡೆಯಲು ಬೀಗವೇ ಬೇಕು. ಕೆಲಸಗಾರರ ಸುರಕ್ಷತೆಯನ್ನು ನೋಡಿಕೊಳ್ಳುವ ಅಮೆರಿಕದ ಸರಕಾರಿ ಸಂಸ್ಥೆ ಓಷಾದ 1910.147ನೇ ನಿಯಮವೂ ಬೀಗ ಹಾಕಲು ಬರುವ ಕಡೆ ಬೀಗವನ್ನೇ ಮುಖ್ಯವಾಗಿ ಹಿಡಿದಿದೆ. ಅಂಥ ಕಡೆ ಬರಿಯ ಫಲಕದಿಂದ ಕೆಲಸ ಸಾಗಿಸಬೇಕೆನ್ನುವ ಮಾಲೀಕರು ಅದರಿಂದಲೂ ಬೀಗದಷ್ಟೇ ರಕ್ಷಣೆ ಸಿಗುತ್ತದೆ ಎಂದು ತೋರಿಸಿಕೊಡಬೇಕಾಗುತ್ತದೆ. ಹಾಗೆಂದು ಫಲಕ ಬೇಡವೆಂದಲ್ಲ. ಬೀಗ ಯಾರದು, ಯಾವ ಕೆಲಸಕ್ಕೆ, ಯಾವಾಗಿನಿಂದ ಎಂಬುದನ್ನು ಬೀಗದ ಜೊತೆಗಿರುವ ಫಲಕವೇ ಹೇಳಬೇಕು.

ನಮ್ಮಲ್ಲಿ ಚಕ್ರಕ್ಕೆ ಬೈಂಡಿಂಗ್ ವೈರ್ ಅಥವಾ ಸರಪಳಿ ಸುತ್ತುತ್ತೇವೆ. ಅದು ತಪ್ಪೇ?

ಬೈಂಡಿಂಗ್ ವೈರನ್ನು ಕಟಿಂಗ್ ಪ್ಲೇಯರ್ ಇಟ್ಟುಕೊಂಡ ಯಾರಾದರೂ ಕ್ಷಣದಲ್ಲಿ ಕತ್ತರಿಸಬಹುದು. ಅದಕ್ಕೆ ಒಡೆಯರೂ ಇಲ್ಲ, ಕೀಲಿಕೈಯೂ ಇಲ್ಲ. ಸರಪಳಿಯನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಚಕ್ರದ ಅರೆಗಳ ನಡುವಿನಿಂದ ಮತ್ತು ವಾಲ್ವಿನ ಯೋಕ್ (ಚಕ್ರದ ಕೆಳಗಿನ ಅಲುಗದ ಚೌಕಟ್ಟು) ಒಳಗಿನಿಂದ ಹಾಯಿಸಿ, ಸಡಿಲ ಉಳಿಯದಂತೆ ಎಳೆದು, ಕೆಲಸಗಾರರ ಸ್ವಂತ ಬೀಗ ಹಾಕಿದ ಸರಪಳಿಯು ದೊಡ್ಡ ಗೇಟ್ ವಾಲ್ವಿನ ಮೇಲೆ ಚೆನ್ನಾಗಿಯೇ ನಿಲ್ಲುತ್ತದೆ. ತೊಂದರೆಯಿರುವುದು ಸಡಿಲದಲ್ಲಿ. ಸರಪಳಿಯ ಎರಡು ಕೊಂಡಿಗಳಷ್ಟು ಸಡಿಲ ಉಳಿದರೂ ಚಕ್ರವು ಕಾಲು ಸುತ್ತು ತಿರುಗಬಹುದು. ಗೇಟ್ ವಾಲ್ವಿನಲ್ಲಿ ಅಷ್ಟರಿಂದಲೇ ಹಬೆ ನುಸುಳಬಹುದು, ಬಾಲ್ ವಾಲ್ವಿನಲ್ಲಾದರೆ ಕಾಲು ಸುತ್ತೆಂದರೆ ಪೂರ್ತಿ ತೆರೆದಂತೆ.

ಸಾಧನ ಕೊಳ್ಳುವ ಮೊದಲು ಮಾಡಬೇಕಾದ ಕೆಲಸವೇನು?

ಕ್ಯಾಟಲಾಗ್ ಮುಚ್ಚಿಟ್ಟು ವಾಲ್ವಿನ ಬಳಿಗೆ ಹೋಗಬೇಕು. ಹಿಂದೊಮ್ಮೆ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ ಪೈಪ್‌ಲೈನ್ ನಕ್ಷೆ ನೋಡಿಕೊಂಡು "2 ಇಂಚು ಗೇಟ್ ವಾಲ್ವ್" ಎಂದು ಪಟ್ಟಿ ಮಾಡಿ, 2 ಇಂಚಿನ ಲೆಕ್ಕದಲ್ಲೇ ಲಾಕೌಟ್ ಸಾಧನಗಳನ್ನು ತರಿಸಿದ್ದೆವು. ಪೆಟ್ಟಿಗೆ ಬಿಚ್ಚಿ ಮೊದಲನೆಯದನ್ನು ಹಿಡಿದುಕೊಂಡು ಬಾಯ್ಲರ್ ಪಕ್ಕದ ಫೀಡ್ ನೀರಿನ ವಾಲ್ವಿನ ಬಳಿ ಹೋದ ಫಿಟ್ಟರ್, ಅದನ್ನು ಚಕ್ರದ ಮೇಲಿಟ್ಟು ತೋರಿಸಿದರು. ಊಟದ ತಟ್ಟೆಯ ಮೇಲೆ ಚಟ್ನಿಯ ಬಟ್ಟಲು ಕೂತಂತಿತ್ತು. ಗೇಟ್ ವಾಲ್ವಿನ ಸಾಧನಗಳ ಅಳತೆ ಚಕ್ರದ ವ್ಯಾಸದ್ದು, ಪೈಪಿನದ್ದಲ್ಲ. ಅದನ್ನು ನಾವು ಗಮನಿಸಿರಲಿಲ್ಲ. ಒಂದೇ 2 ಇಂಚಿನ ಪೈಪಿನ ಮೇಲೆ ಕಂಚಿನ ವಾಲ್ವಿದ್ದರೆ ಚಕ್ರ ಅಂಗೈಯಷ್ಟಿರುತ್ತದೆ, ಎರಕದ ಉಕ್ಕಿನ ವಾಲ್ವಿದ್ದರೆ ಅದಕ್ಕಿಂತ ಬಹಳ ದೊಡ್ಡದಿರುತ್ತದೆ.

ಆದ್ದರಿಂದ ಟೇಪು, ನೋಟ್‌ಬುಕ್ಕು, ಫೋನಿನ ಕ್ಯಾಮೆರಾ ಹಿಡಿದು ಪ್ರತಿ ವಾಲ್ವಿನ ಮುಂದೆ ನಿಂತು ಬರೆದುಕೊಳ್ಳಬೇಕು. ವಾಲ್ವಿನ ಬಗೆ ಯಾವುದು, ಚಕ್ರದ ವ್ಯಾಸ ಅಥವಾ ಹಿಡಿಕೆಯ ಉದ್ದ, ಅಗಲ ಮತ್ತು ದಪ್ಪ ಎಷ್ಟು, ಸ್ಪಿಂಡಲ್ (ಚಕ್ರದ ನಡುವಿನ ದಂಡ) ಮೇಲಕ್ಕೆ ಏಳುವಂಥದ್ದೇ ಇಲ್ಲವೇ, ಪಕ್ಕದ ಪೈಪು ಅಥವಾ ಇನ್ಸುಲೇಶನ್ ಎಷ್ಟು ಹತ್ತಿರದಲ್ಲಿದೆ, ಒಳಗೆ ಹರಿಯುವುದೇನು, ಹಿಡಿಕೆಯ ಬಳಿ ಬಿಸಿ ಎಷ್ಟಿದೆ, ಬಿಸಿಲು, ಮಳೆ ಅಥವಾ ಆಸಿಡ್ ಹನಿ ಬೀಳುವ ಜಾಗವೇ ಎಂಬುದೆಲ್ಲ ಅಲ್ಲಿ ನಿಂತಾಗಲೇ ಗೊತ್ತಾಗುತ್ತದೆ. ಜೊತೆಗೆ ಆ ವಾಲ್ವನ್ನು ದಿನವೂ ತಿರುಗಿಸುವ ಆಪರೇಟರನ್ನು "ಇದು ಪೂರ್ತಿ ಮುಚ್ಚುತ್ತದೆಯೇ, ಪಾಸಿಂಗ್ ಇದೆಯೇ" ಎಂದು ಕೇಳಬೇಕು. ಸೋರುವ ವಾಲ್ವಿಗೆ ಎಂಥ ಸಾಧನ ತೊಡಿಸಿದರೂ ಅದು ಹಿಡಿದಿಡುವುದು ಚಕ್ರವನ್ನೇ ಹೊರತು ಹಬೆಯನ್ನಲ್ಲ. ಮೊದಲು ವಾಲ್ವನ್ನು ಸರಿಪಡಿಸಬೇಕು ಅಥವಾ ಬೇರೊಂದು ವಾಲ್ವನ್ನು ಆರಿಸಿಕೊಳ್ಳಬೇಕು.

ಗೇಟ್ ವಾಲ್ವ್, ಗ್ಲೋಬ್ ವಾಲ್ವ್‌ಗಳಿಗೆ ಯಾವ ಸಾಧನ ಒಪ್ಪುತ್ತದೆ?

ಚಕ್ರವನ್ನು ಮೇಲಿನಿಂದಲೂ ಕೆಳಗಿನಿಂದಲೂ ಎರಡು ಚಿಪ್ಪುಗಳಂತೆ ಮುಚ್ಚುವ ಸಾಧನವೇ ರೂಢಿಯಲ್ಲಿರುವುದು. ಬೀಗ ಹಾಕಿದ ಮೇಲೆ ಆ ಚಿಪ್ಪು ಚಕ್ರದ ಸುತ್ತ ಸುಮ್ಮನೆ ತಿರುಗುತ್ತದೆ, ಚಕ್ರ ಮಾತ್ರ ಕೈಗೆ ಸಿಗುವುದಿಲ್ಲ. ಸಾಮಾನ್ಯವಾಗಿ 1 ಇಂಚಿನ ಚಕ್ರದಿಂದ ಹಿಡಿದು 13 ಇಂಚಿನವರೆಗೆ ನಾಲ್ಕೈದು ಅಳತೆಗಳಲ್ಲಿ ಸಿಗುತ್ತದೆ. ಸ್ಪಿಂಡಲ್ ಮೇಲಕ್ಕೆ ಚಾಚಿಕೊಳ್ಳುವ ವಾಲ್ವಾಗಿದ್ದರೆ ಚಿಪ್ಪಿನ ನಡುವಿನ ಬಿಲ್ಲೆಯನ್ನು ತೆಗೆಯಲು ಬರುವಂಥದ್ದನ್ನೇ ಕೇಳಿ ಪಡೆಯಬೇಕು, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಅಳತೆಯಲ್ಲಿ ಒಂದು ಹೆಜ್ಜೆ ದೊಡ್ಡದನ್ನು ಕೊಂಡರೆ ಎಲ್ಲಕ್ಕೂ ಆಗುತ್ತದೆ ಎಂದುಕೊಳ್ಳುವವರಿದ್ದಾರೆ. ತೀರ ದೊಡ್ಡದಾದರೆ ಚಿಪ್ಪಿನ ಕೆಳಗಿನ ಬಾಯಿಯಿಂದ ಬೆರಳು ತೂರಿಸಿ ಚಕ್ರ ತಿರುಗಿಸಬಹುದು. ಸಾಧನ ತೊಡಿಸಿ ಬೀಗ ಹಾಕಿದ ಮೇಲೆ ನೀವೇ ಚಕ್ರವನ್ನು ತಿರುಗಿಸಲು ಪ್ರಯತ್ನಿಸಿ ನೋಡಿ. ನಿಮ್ಮಿಂದ ಆಗದಿದ್ದರೆ ಮಾತ್ರ ಆ ಅಳತೆ ಸರಿಯಾಗಿದೆ ಎಂದು ತಿಳಿಯಿರಿ.

13 ಇಂಚಿಗಿಂತ ದೊಡ್ಡ ಚಕ್ರಗಳಿಗೆ, ಗೋಡೆಗೆ ಅಂಟಿಕೊಂಡಂತಿರುವ ವಾಲ್ವುಗಳಿಗೆ ಕೇಬಲ್ ಸಾಧನವೇ ವಾಸಿ.

ಬಾಲ್ ವಾಲ್ವಿಗೆ?

ಬಾಲ್ ವಾಲ್ವಿನ ಹಿಡಿಕೆ 90 ಡಿಗ್ರಿ ತಿರುಗಿದರೆ ಪೂರ್ತಿ ತೆರೆಯುತ್ತದೆ. ಯಾರದೋ ಮೊಣಕೈ ತಾಗಿದರೂ, ಮೇಲಿನಿಂದ ಸ್ಪ್ಯಾನರ್ ಬಿದ್ದರೂ ಅಲುಗಬಹುದು. ಹೊಸ ವಾಲ್ವುಗಳಲ್ಲಿ ಹಲವಕ್ಕೆ ಹಿಡಿಕೆಯಲ್ಲೇ ಬೀಗ ಹಾಕುವ ತೂತು ಇರುತ್ತದೆ. ಅಂಥ ಕಡೆ ಬೇರೆ ಸಾಧನವೇ ಬೇಕಾಗುವುದಿಲ್ಲ. ಮುಂದಿನ ಬಾರಿ ವಾಲ್ವ್ ತರಿಸುವಾಗಲೇ ಅದನ್ನು ಆರ್ಡರಿನಲ್ಲಿ ಬರೆದುಬಿಟ್ಟರೆ ಎಷ್ಟೋ ಖರ್ಚು ಉಳಿಯುತ್ತದೆ. ತೂತಿಲ್ಲದ ವಾಲ್ವಿಗೆ, ಮುಚ್ಚಿದ ಸ್ಥಿತಿಯಲ್ಲಿ ಹಿಡಿಕೆಯ ಮೇಲೆ ಕೂತು ಪೈಪಿಗೆ ಅಡ್ಡ ನಿಲ್ಲುವ ಸಾಧನ ಸಿಗುತ್ತದೆ. ಸಣ್ಣ ವಾಲ್ವುಗಳಿಗೊಂದು, ದೊಡ್ಡವಕ್ಕೊಂದು ಎಂದು ಎರಡು ಅಳತೆಗಳಲ್ಲಿ ಅದು ಬರುತ್ತದೆ. ಪೈಪಿನ ಮೇಲೆ ಇನ್ಸುಲೇಶನ್ ಇದ್ದರೆ ಈ ಸಾಧನ ಸರಿಯಾಗಿ ಕೂರುವುದಿಲ್ಲ ಎಂಬುದನ್ನು ನೆನಪಿಡಬೇಕು. ಚಿಟ್ಟೆಯ ರೆಕ್ಕೆಯಂಥ ಕಿರು ಹಿಡಿಕೆಯ ವಾಲ್ವುಗಳಿಗೆ ಸಾಮಾನ್ಯ ಸಾಧನ ನಿಲ್ಲದು. ಹಿಡಿಕೆಯನ್ನೇ ಬದಲಿಸುವುದು ಒಳ್ಳೆಯದು.

ಬಟರ್‌ಫ್ಲೈ ಮತ್ತು ಪ್ಲಗ್ ವಾಲ್ವುಗಳು?

ಲಿವರ್ ಇರುವ ಬಟರ್‌ಫ್ಲೈ ವಾಲ್ವಿನಲ್ಲಿ ಹಲ್ಲಿನ ತಟ್ಟೆಯಿಂದ ಬಿಡಿಸಲು ಅದುಮುವ ಹಿಡಿತವಿರುತ್ತದೆ. ಆ ಹಿಡಿತವನ್ನು ಅದುಮದಂತೆ ತಡೆಯುವ ಸಾಧನ ಬೇಕು. ಗೇರ್‌ಬಾಕ್ಸ್ ಇದ್ದರೆ ಅದರ ಚಕ್ರವನ್ನು ಗೇಟ್ ವಾಲ್ವಿನ ಚಕ್ರದಂತೆಯೇ ಕಾಣಬೇಕು. ಪ್ಲಗ್ ವಾಲ್ವಿನಲ್ಲಿ ಹಿಡಿಕೆಯನ್ನು ಕಳಚಿಟ್ಟು ಸ್ಪಿಂಡಲಿನ ಚೌಕ ತಲೆಯ ಮೇಲೆ ಮುಚ್ಚಳ ಹಾಕುವುದು ಕ್ರಮ. ಹಿಡಿಕೆ ಕಳಚಿದ್ದೇ ಸಾಕೆಂದು ಬಿಟ್ಟರೆ ಪೈಪ್ ರೆಂಚಿನಿಂದ ತಿರುಗಿಸಿಬಿಡುತ್ತಾರೆ.

ಕೇಬಲ್ ಸಾಧನ ಎಲ್ಲ ವಾಲ್ವಿಗೂ ಆಗುತ್ತದಲ್ಲ, ಅದನ್ನಷ್ಟೇ ಕೊಂಡರೆ ಆಗದೇ?

ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲ್ ಇರುವ ಸಾಧನ ಬಲು ಉಪಯೋಗಿ. ಸಾಲಾಗಿರುವ ನಾಲ್ಕು ಚಕ್ರಗಳ ಅರೆಗಳೊಳಗಿಂದ ಒಂದೇ ಕೇಬಲ್ ಹಾಯಿಸಿ ಒಂದೇ ಬೀಗದಲ್ಲಿ ಮುಗಿಸಬಹುದು. ಆದರೆ ಅದರ ಬಲವೆಲ್ಲ ತೊಡಿಸುವವರ ಕೈಯಲ್ಲಿದೆ. ಚಕ್ರವನ್ನು ಅಲುಗದ ಯಾವುದಾದರೂ ಭಾಗಕ್ಕೆ, ಅಂದರೆ ಯೋಕ್‌ಗೆ ಅಥವಾ ಪಕ್ಕದ ಸ್ಥಿರ ಪೈಪಿಗೆ ಬಿಗಿದರೆ ಮಾತ್ರ ಅದು ಲಾಕೌಟ್. ಚಕ್ರದ ಎರಡು ಅರೆಗಳನ್ನಷ್ಟೇ ಸುತ್ತಿ ಬಂದರೆ ಚಕ್ರ ಕೇಬಲಿನ ಸಮೇತ ತಿರುಗುತ್ತದೆ. ಲಿವರ್ ಇರುವ ಬಾಲ್ ವಾಲ್ವಿಗೆ ಬರಿ ಕೇಬಲ್ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ಎಷ್ಟು ಬಿಗಿದರೂ ಹೆಬ್ಬೆರಳಿನಷ್ಟು ಆಟ ಉಳಿದುಬಿಡುತ್ತದೆ. ಅಲ್ಲಿಗೆ ಹಿಡಿಕೆಯನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪು ಮತ್ತು ಪೈಪಿಗೆ ಅಡ್ಡ ನಿಲ್ಲುವ ತೋಳು ಇರುವ ಸಾಧನ ಬೇಕು. ತೋಳನ್ನೂ ಕೇಬಲನ್ನೂ ಬದಲಿಸಿ ಹಾಕಬಹುದಾದ ಸಾರ್ವತ್ರಿಕ ಸಾಧನಗಳು ಸಿಗುತ್ತವೆ. ಮೊದಲ ಬಾರಿ ಕೊಳ್ಳುವ ಸಣ್ಣ ಕಾರ್ಖಾನೆಗೆ ನನ್ನ ಸಲಹೆ ಅದೇ.

ಗಾಳಿಯಿಂದ ನಡೆಯುವ ವಾಲ್ವಿಗೆ ಬೀಗ ಹಾಕುವುದು ಹೇಗೆ? ಕಂಟ್ರೋಲ್ ರೂಮಿನಲ್ಲಿ ಆಫ್ ಮಾಡಿದರೆ ಸಾಲದೇ?

ಸಾಲದು. ಈ ಪ್ರಶ್ನೆಗೆ ಉತ್ತರವಾಗಿ ಒಂದು ದುರಂತವನ್ನೇ ಹೇಳಬೇಕು. ಅಮೆರಿಕದ ಟೆಕ್ಸಸ್ ರಾಜ್ಯದ ಪ್ಯಾಸಡೀನಾದಲ್ಲಿದ್ದ ಫಿಲಿಪ್ಸ್ ಕಂಪನಿಯ ಪಾಲಿಎಥಿಲೀನ್ ಘಟಕದಲ್ಲಿ 1989ರ ಅಕ್ಟೋಬರ್ 23ರಂದು, ರಿಯಾಕ್ಟರಿನ ಕೆಳಗಿನ ಕಟ್ಟಿಕೊಂಡ ಕೊಳವೆಯೊಂದನ್ನು ಬಿಡಿಸುವ ಕೆಲಸ ನಡೆದಿತ್ತು. ರಿಯಾಕ್ಟರ್ ಚಾಲನೆಯಲ್ಲೇ ಇತ್ತು. ಬಿಚ್ಚಿದ ಕೊಳವೆಗೂ ರಿಯಾಕ್ಟರಿಗೂ ನಡುವೆ ಇದ್ದುದು ಗಾಳಿಯಿಂದ ನಡೆಯುವ ಒಂದೇ ಒಂದು ಬಾಲ್ ವಾಲ್ವ್. ಅದರ ಲಾಕೌಟ್ ಸಾಧನವನ್ನು ತೆಗೆದಿಡಲಾಗಿತ್ತು. ತೆರೆಯಲು ಗಾಳಿ ಕೊಡುವ ಹೋಸ್ ಮತ್ತು ಮುಚ್ಚಲು ಗಾಳಿ ಕೊಡುವ ಹೋಸ್ ಎರಡಕ್ಕೂ ಒಂದೇ ಬಗೆಯ ಜೋಡಣೆ ಇದ್ದುದರಿಂದ ಅವು ಅದಲುಬದಲಾಗಿ ಸೇರಿಕೊಂಡಿದ್ದವು; ಮುಚ್ಚು ಎಂಬ ಆಜ್ಞೆಗೆ ವಾಲ್ವ್ ತೆರೆದುಕೊಳ್ಳುವಂತಾಗಿತ್ತು. ಅನಿಲ ನುಗ್ಗಿ ಹೊರಬಂದು ಎರಡು ನಿಮಿಷದೊಳಗೆ ಸ್ಫೋಟವಾಯಿತು. 23 ಮಂದಿ ಪ್ರಾಣ ಕಳೆದುಕೊಂಡರು. ಇಂಥ ಪೈಪ್ ಬಿಚ್ಚುವಾಗ ಎರಡು ವಾಲ್ವುಗಳ ಅಥವಾ ಬ್ಲೈಂಡ್ ಫ್ಲೇಂಜಿನ (ಪೈಪನ್ನು ಪೂರ್ತಿ ಮುಚ್ಚುವ ತೂತಿಲ್ಲದ ತಟ್ಟೆಯ) ರಕ್ಷಣೆ ಇರಬೇಕೆಂದು ಆ ಕಂಪನಿಯ ಸ್ವಂತ ನಿಯಮವೇ ಹೇಳುತ್ತಿತ್ತು. ಆ ಘಟಕದ ಮಟ್ಟದಲ್ಲಿ ಅದನ್ನು ಪಾಲಿಸುತ್ತಿರಲಿಲ್ಲ. ಓಷಾದ ಲಾಕೌಟ್ ನಿಯಮ ಪ್ರಕಟವಾಗಿ ಆಗ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ.

ಈ ಒಂದು ಘಟನೆಯಲ್ಲಿ ಗಾಳಿ ವಾಲ್ವಿನ ಪಾಠಗಳೆಲ್ಲ ಇವೆ. ಕಂಟ್ರೋಲ್ ರೂಮಿನ ಗುಂಡಿ, ಸೆಲೆಕ್ಟರ್ ಸ್ವಿಚ್ಚು, ಪರದೆಯ ಮೇಲಿನ ಕೆಂಪು ಬಣ್ಣ ಇವು ವಾಲ್ವಿಗೆ ಆಜ್ಞೆ ಕೊಡುತ್ತವೆ ಅಷ್ಟೆ. ಓಷಾ ನಿಯಮವೂ ಇವನ್ನು ಶಕ್ತಿಯನ್ನು ಬೇರ್ಪಡಿಸುವ ಸಾಧನಗಳೆಂದು ಒಪ್ಪುವುದಿಲ್ಲ. ವಾಲ್ವಿನ ಗಾಳಿ ಸರಬರಾಜನ್ನು ಕಿತ್ತು, ವಾಲ್ವನ್ನು ತಿರುಗಿಸುವ ಆಕ್ಚುಯೇಟರಿನೊಳಗೆ ಉಳಿದ ಗಾಳಿಯನ್ನು ಬಿಟ್ಟು, ಹೋಸಿನ ತುದಿಗೆ ಬೀಗದ ಸಾಧನ ಹಾಕಬೇಕು. ಅದಕ್ಕೂ ಮೊದಲು ಗಾಳಿ ಹೋದಾಗ ಈ ವಾಲ್ವ್ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ತಿಳಿದಿರಬೇಕು. ಸ್ಪ್ರಿಂಗಿನಿಂದ ತೆರೆದುಕೊಳ್ಳುವ ವಾಲ್ವಾಗಿದ್ದರೆ ಗಾಳಿ ಕಿತ್ತ ಕೂಡಲೇ ಅದು ತೆರೆದೇ ಹೋಗುತ್ತದೆ. ಅಂಥದ್ದನ್ನು ಯಾಂತ್ರಿಕವಾಗಿ ಹಿಡಿದಿಡುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ನಂಬಲೇಬಾರದು. ಅದರ ಹಿಂದಿನ ಕೈವಾಲ್ವನ್ನು ಮುಚ್ಚಿ ಬೀಗ ಹಾಕಬೇಕು. ನಾನ್ ರಿಟರ್ನ್ ವಾಲ್ವನ್ನೂ ಹಾಗೆಯೇ ಬೇರ್ಪಡಿಸುವ ಸಾಧನವೆಂದು ಎಣಿಸಬಾರದು, ಅದರ ತಟ್ಟೆಯ ಕೆಳಗೆ ಒಂದು ಚೂರು ಕಸ ಕೂತರೂ ಅದು ಪೂರ್ತಿ ಮುಚ್ಚುವುದಿಲ್ಲ.

ಪ್ಲಾಸ್ಟಿಕ್ ಸಾಧನವೇ, ಉಕ್ಕಿನದೇ?

ಬಿಸಿಯನ್ನು ನೋಡಿ ನಿರ್ಧರಿಸಬೇಕು. ಅಗ್ಗದ ಚಿಪ್ಪುಗಳು ಬಹಳಷ್ಟು ಪಾಲಿಪ್ರಾಪಿಲೀನಿನವು. ಅದು ಸುಮಾರು 160 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. 10 ಕೆಜಿ (ಪ್ರತಿ ಚದರ ಸೆಂಟಿಮೀಟರಿಗೆ) ಒತ್ತಡದ ಹಬೆಯ ಉಷ್ಣತೆ ಸುಮಾರು 184 ಡಿಗ್ರಿ. ರಸವನ್ನು ಕುದಿಸಿ ಗಟ್ಟಿಮಾಡುವ ಎವಾಪರೇಟರಿಗೆ ಹೋಗುವ 1.5 ಕೆಜಿಯ ಎಕ್ಸಾಸ್ಟ್ ಹಬೆಯೇ ಸುಮಾರು 127 ಡಿಗ್ರಿ ಇರುತ್ತದೆ. ಚಕ್ರವು ಪೈಪಿನಷ್ಟು ಬಿಸಿಯಾಗುವುದಿಲ್ಲ ನಿಜ, ಆದರೆ ಸ್ಪಿಂಡಲಿನ ಸುತ್ತ ಸೋರಿಕೆ ತಡೆಯುವ ಗ್ಲಾಂಡಿನಿಂದ ಹಬೆ ಸೋರುತ್ತಿದ್ದರೆ ಅದು ನೇರವಾಗಿ ಸಾಧನಕ್ಕೇ ಬಡಿಯುತ್ತದೆ. ಹಬೆಯ ಲೈನಿಗೆ ಬಣ್ಣ ಲೇಪಿಸಿದ ಉಕ್ಕಿನ ಸಾಧನ ಅಥವಾ ಆ ಉಷ್ಣತೆಗೆಂದೇ ತಯಾರಾದ ನೈಲಾನ್ ಸಾಧನವನ್ನು, ತಯಾರಕರು ಬರೆದುಕೊಟ್ಟ ಉಷ್ಣತಾ ಮಿತಿಯನ್ನು ನೋಡಿಯೇ ಕೊಳ್ಳಬೇಕು. ಆಸಿಡ್, ಕಾಸ್ಟಿಕ್ ಸಿಡಿಯುವ ಕಡೆ ಪಾಲಿಪ್ರಾಪಿಲೀನ್ ಚೆನ್ನಾಗಿ ಬಾಳುತ್ತದೆ. ಅಲ್ಯೂಮಿನಿಯಂ ಸಾಧನವನ್ನು ಕಾಸ್ಟಿಕ್ ಬಳಿ ಸುಳಿಯಗೊಡಬಾರದು, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ತೆರೆದ ಬಿಸಿಲಿನಲ್ಲಿ ವರ್ಷಗಟ್ಟಲೆ ತೂಗಿದ ಪ್ಲಾಸ್ಟಿಕ್ ಬಣ್ಣಗೆಟ್ಟು ಪೆಡಸಾಗುತ್ತದೆ.

ಒಂದು ವಾಲ್ವಿಗೆ ಬೀಗ ಹಾಕಿದ ಮೇಲೆ ಪಾತ್ರೆಯೊಳಗೆ ಇಳಿಯಬಹುದೇ?

ಇಳಿಯಬಾರದು. ಈ ಪುಟದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬಾರದೆಂದು ನನ್ನ ಕೋರಿಕೆ.

ಸಕ್ಕರೆ ಕಾರ್ಖಾನೆಯ ಎವಾಪರೇಟರ್ ಸಾಲನ್ನೇ ನೋಡೋಣ. ಹಂಗಾಮಿನ ನಡುವೆ ಕೊಳವೆಗಳೊಳಗೆ ಚಕ್ಕೆ ಕಟ್ಟಿದಾಗ ಒಂದು ಬಾಡಿಯನ್ನು, ಅಂದರೆ ಒಂದು ಪಾತ್ರೆಯನ್ನು, ಸಾಲಿನಿಂದ ಬಿಡಿಸಿ, ಕಾಸ್ಟಿಕ್ ಹಾಕಿ ಕುದಿಸಿ, ತೊಳೆದು, ಆಮೇಲೆ ಕೆಲಸಗಾರರು ಮ್ಯಾನ್‌ಹೋಲಿನಿಂದ ಒಳಗಿಳಿದು ಕೊಳವೆಗಳನ್ನು ಬ್ರಷ್ಷಿನಿಂದ ಉಜ್ಜುತ್ತಾರೆ. ಹೆಚ್ಚುವರಿ ಬಾಡಿ ಇರುವ ಕಾರ್ಖಾನೆಗಳಲ್ಲಿ ಆ ಹೊತ್ತಿಗೆ ಪಕ್ಕದ ಬಾಡಿ ಕುದಿಯುತ್ತಲೇ ಇರುತ್ತದೆ. ಒಳಗಿರುವವರ ಕಡೆಗೆ ಎಷ್ಟು ದಾರಿಗಳು ತೆರೆಯಬಹುದು ಎಂದು ಬೆರಳು ಮಡಿಸಿ ಎಣಿಸಿ ನೋಡಿ. ರಸ ಬರುವ ಪೈಪು, ರಸ ಹೋಗುವ ಪೈಪು, ಕ್ಯಾಲೆಂಡ್ರಿಯಾಕ್ಕೆ (ಕೊಳವೆಗಳಿರುವ, ರಸ ಕಾಯಿಸುವ ಭಾಗಕ್ಕೆ) ಹಬೆ ತರುವ ದೊಡ್ಡ ಪೈಪು, ಮೇಲಿನಿಂದ ಹಬೆ ಹೋಗುವ ಪೈಪು, ಕಂಡೆನ್ಸೇಟ್ ಪೈಪು, ಕಾಸ್ಟಿಕ್ ಪೈಪು, ತೊಳೆಯುವ ನೀರಿನ ಪೈಪು. ಇಷ್ಟಕ್ಕೆ ನಿಲ್ಲಿಸಿದರೆ ಒಂದು ಉಳಿದುಹೋಗುತ್ತದೆ: ಸಾಂದ್ರವಾಗದ ಅನಿಲಗಳನ್ನು ಹೊರಗೊಯ್ಯುವ, ಮೇಲ್ಗಡೆ ಹಾದುಹೋಗುವ ಸಣ್ಣ ಪೈಪು. ಎಲ್ಲ ಬಾಡಿಗಳ ಈ ಪೈಪುಗಳು ಒಂದೇ ಹೆಡರಿಗೆ ಸೇರಿದ್ದರೆ ಪಕ್ಕದ ಬಾಡಿಯ ಹಬೆ ಹಿಮ್ಮುಖವಾಗಿ ಇಲ್ಲಿಗೆ ಬರಬಹುದು. ಸಣ್ಣ ಪೈಪು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಇಂಥ ಕೆಲಸಕ್ಕೆ ಲಾಕೌಟ್ ಸಾಧನವು ಅರ್ಧ ಉತ್ತರ ಮಾತ್ರ. ಮನುಷ್ಯರು ಒಳಗಿಳಿಯುವ ಕಡೆ ಹಬೆ, ಬಿಸಿರಸ, ಕಾಸ್ಟಿಕ್ ಲೈನುಗಳ ಫ್ಲೇಂಜಿನ ನಡುವೆ ಬ್ಲೈಂಡ್ ಹಾಕಬೇಕು. ನಮ್ಮ ಫಿಟ್ಟರುಗಳು ಡಮ್ಮಿ ಹಾಕುವುದು ಎನ್ನುವುದು ಇದಕ್ಕೇ. ಅದು ಸಾಧ್ಯವಾಗದ ಕಡೆ ಎರಡು ವಾಲ್ವುಗಳನ್ನು ಮುಚ್ಚಿ ಬೀಗ ಹಾಕಿ, ನಡುವಿನ ಡ್ರೈನ್ ವಾಲ್ವನ್ನು ತೆರೆದು ಅದಕ್ಕೂ ತೆರೆದ ಸ್ಥಿತಿಯಲ್ಲೇ ಬೀಗ ಹಾಕಬೇಕು. ಮೊದಲ ವಾಲ್ವ್ ಸೋರಿದರೆ ಅದು ಡ್ರೈನಿನಲ್ಲಿ ಕಣ್ಣಿಗೆ ಬೀಳುತ್ತದೆ, ಎರಡನೆಯ ವಾಲ್ವಿನ ಮೇಲೆ ಒತ್ತಡ ಕೂರುವುದಿಲ್ಲ. ಈ ಡ್ರೈನಿಗೆ ಹಾಕಲು ತೆರೆದ ಸ್ಥಿತಿಯಲ್ಲೂ ಹಿಡಿಕೆಯನ್ನು ಹಿಡಿದಿಡುವ ಸಾಧನ ಬೇಕಾಗುತ್ತದೆ, ಕೊಳ್ಳುವ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಳ್ಳಿ. ಬ್ಲೈಂಡ್ ಹಾಕಿದ ಮೇಲೂ ವಾಲ್ವಿನ ಬೀಗವನ್ನು ತೆಗೆಯಬಾರದು. ಬ್ಲೈಂಡ್ ಹಾಕುವಾಗ, ತೆಗೆಯುವಾಗ ಫಿಟ್ಟರನ್ನು ಕಾಯುವುದು ಆ ಬೀಗವೇ.

ಬೀಗ ಹಾಕಿದ ಮೇಲೆ ಒಳಗೆ ಒತ್ತಡ ಉಳಿದಿರಬಹುದೇ?

ಖಂಡಿತ ಉಳಿದಿರಬಹುದು. ವಾಲ್ವ್ ಮುಚ್ಚಿದರೆ ಹೊಸದಾಗಿ ಬರುವುದು ನಿಲ್ಲುತ್ತದೆ, ಆಗಲೇ ಬಂದು ಸಿಕ್ಕಿಬಿದ್ದದ್ದು ಅಲ್ಲಿಯೇ ಇರುತ್ತದೆ. ಬಾಲ್ ವಾಲ್ವನ್ನು ಮುಚ್ಚಿದಾಗ ಚೆಂಡಿನ ಹೊಟ್ಟೆಯಲ್ಲೇ ದ್ರವ ಉಳಿಯುತ್ತದೆ. ಎರಡು ವಾಲ್ವುಗಳ ನಡುವೆ ತುಂಬಿ ನಿಂತ ದ್ರವವು ಬಿಸಿಲಿಗೆ ಕಾದರೂ ಒತ್ತಡ ಏರುತ್ತದೆ. ಆದ್ದರಿಂದ ಬೀಗ ಹಾಕಿದ ಮೇಲೆ ವೆಂಟ್ ಮತ್ತು ಡ್ರೈನ್ ತೆರೆದು, ಗೇಜು ಸೊನ್ನೆಗೆ ಬಂದದ್ದನ್ನು ನೋಡಿ, ಗೇಜನ್ನೂ ಪೂರ್ತಿ ನಂಬದೆ ಡ್ರೈನಿನ ಬಾಯಿಯನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬೇಕು. ಏನೂ ಬರುತ್ತಿಲ್ಲವೆಂದರೆ ಡ್ರೈನೇ ಕಟ್ಟಿರಬಹುದು; ಸಕ್ಕರೆಯ ರಸ, ಮೊಲಾಸಿಸ್ ಲೈನುಗಳಲ್ಲಿ ಇದು ಸಾಮಾನ್ಯ. ಒತ್ತಡದ ಗಾಳಿಗಾದರೆ, ಮುಚ್ಚಿದಾಗ ಯಂತ್ರದ ಕಡೆಯ ಗಾಳಿಯನ್ನು ತಾನೇ ಹೊರಬಿಡುವ, ಬೀಗದ ತೂತಿರುವ ಬಾಲ್ ವಾಲ್ವುಗಳು ಸಿಗುತ್ತವೆ. ಹೊಸದಾಗಿ ಹಾಕುವ ಕಡೆಯೆಲ್ಲ ಅದನ್ನೇ ಹಾಕಿಸಿ.

ಬೀಗಗಳನ್ನು ಹೇಗೆ ಆರಿಸಬೇಕು? ಒಂದೇ ಕೀಲಿಕೈಯ ಬೀಗಗಳಿದ್ದರೆ ಅನುಕೂಲವಲ್ಲವೇ?

ಒಬ್ಬರಿಗೆ ಕೊಟ್ಟ ಆರು ಬೀಗಗಳು ಒಂದೇ ಕೀಲಿಕೈಗೆ ತೆರೆದರೆ ತೊಂದರೆಯಿಲ್ಲ. ಇಬ್ಬರ ಬೀಗಗಳು ಒಂದೇ ಕೀಲಿಕೈಗೆ ತೆರೆಯಬಾರದು. ಲಾಕೌಟ್ ಬೀಗದ ಬಣ್ಣ, ಆಕಾರ ಅಥವಾ ಅಳತೆ ಇಡೀ ಕಾರ್ಖಾನೆಯಲ್ಲಿ ಒಂದೇ ಬಗೆಯದಾಗಿರಬೇಕು. ಆ ಬೀಗ ಸೈಕಲ್ಲಿಗೆ, ಟೂಲ್ ಬಾಕ್ಸಿಗೆ, ಲಾಕರಿಗೆ ಹೋಗಕೂಡದು. ಕೆಂಪು ಬೀಗ ಕಂಡರೆ ಅದರ ಹಿಂದೆ ಒಂದು ಜೀವವಿದೆ ಎಂದು ಎಲ್ಲರಿಗೂ ಅನ್ನಿಸಬೇಕಾದರೆ ಬೇರೆಲ್ಲೂ ಅದು ಕಾಣಿಸಬಾರದು. ಕೊಳ್ಳುವ ಮುನ್ನ ಬೀಗದ ಕೊಂಡಿಯ ದಪ್ಪ ಸಾಧನದ ತೂತಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಅದು 6 ಮಿಲಿಮೀಟರ್ ಇರುತ್ತದೆ.

ಹಲವರು ಸೇರಿ ಕೆಲಸ ಮಾಡುವಾಗ ಹ್ಯಾಸ್ಪ್ (ಹಲವು ಬೀಗಗಳನ್ನು ಹಾಕಬಹುದಾದ ಕೊಂಡಿ) ಹಾಕಿ ಪ್ರತಿಯೊಬ್ಬರೂ ತಮ್ಮ ಬೀಗ ಹಾಕುತ್ತಾರೆ. ಎವಾಪರೇಟರಿನಂತೆ ಎಂಟು ಹತ್ತು ವಾಲ್ವುಗಳಿದ್ದು ಹದಿನೈದು ಮಂದಿ ಕೆಲಸಕ್ಕಿದ್ದರೆ ಗುಂಪಿನ ಪೆಟ್ಟಿಗೆ ಒಳ್ಳೆಯದು: ವಾಲ್ವುಗಳ ಬೀಗದ ಕೀಲಿಕೈಗಳನ್ನೆಲ್ಲ ಪೆಟ್ಟಿಗೆಯಲ್ಲಿ ಹಾಕಿ, ಪೆಟ್ಟಿಗೆಗೆ ಎಲ್ಲರೂ ತಮ್ಮ ತಮ್ಮ ಬೀಗ ಹಾಕಬೇಕು. ಗುತ್ತಿಗೆ ಕೆಲಸಗಾರರನ್ನು ಇದರಿಂದ ಹೊರಗಿಡುವ ರೂಢಿ ಅನೇಕ ಕಡೆ ಇದೆ, ಅದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಪಾತ್ರೆಯೊಳಗೆ ಇಳಿಯುವವರು ಬಹುಪಾಲು ಅವರೇ. ಮೊದಲ ಬೀಗ ಅವರ ಕೈಗೆ ಸಿಗಬೇಕು, ಅದರ ಫಲಕ ಅವರು ಓದಬಲ್ಲ ಭಾಷೆಯಲ್ಲಿರಬೇಕು.

ಪಾಳಿ ಬದಲಾಗುವಾಗ, ಅಥವಾ ಬೀಗ ಹಾಕಿದವರು ಮನೆಗೆ ಹೋಗಿಬಿಟ್ಟಾಗ ಏನು ಮಾಡಬೇಕು?

ಹೊಸ ಪಾಳಿಯವರ ಬೀಗ ಬಿದ್ದ ಮೇಲೆಯೇ ಹಳೆಯ ಪಾಳಿಯವರ ಬೀಗ ಏಳಬೇಕು, ನಡುವೆ ಒಂದು ನಿಮಿಷವೂ ವಾಲ್ವ್ ಬೀಗವಿಲ್ಲದೆ ಇರಬಾರದು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ, ಪಂಪೊಂದರ ಸುರಕ್ಷತಾ ವಾಲ್ವನ್ನು ದುರಸ್ತಿಗೆ ಬಿಚ್ಚಿರುವ ಸಂಗತಿ ರಾತ್ರಿ ಪಾಳಿಯವರಿಗೆ ತಲುಪದೆ, ಅವರು ಆ ಪಂಪನ್ನು ಚಾಲೂ ಮಾಡಿದರು. ಸೋರಿಕೆಯಾಗಿ, ಸ್ಫೋಟವಾಗಿ 167 ಜನ ಸತ್ತರು. ಕಾಗದದ ಪರ್ಮಿಟ್ ಕಚೇರಿಯಲ್ಲಿರುತ್ತದೆ. ಬೀಗ ವಾಲ್ವಿನ ಮೇಲೆಯೇ ಇರುತ್ತದೆ.

ಬೀಗ ಹಾಕಿದವರು ಮನೆಗೆ ಹೋಗಿದ್ದರೆ, ಅವರು ಕಾರ್ಖಾನೆಯ ಆವರಣದಲ್ಲಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಅವರಿಗೆ ವಿಷಯ ತಿಳಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿ, ಹೊಣೆಯುಳ್ಳ ಅಧಿಕಾರಿಯ ಎದುರಿಗೆ ಮಾತ್ರ ಬೀಗ ಕತ್ತರಿಸಬೇಕು. ಅವರು ಮರಳಿ ಕೆಲಸಕ್ಕೆ ಇಳಿಯುವ ಮೊದಲೇ ಬೀಗ ತೆಗೆದ ವಿಷಯ ಅವರಿಗೆ ಗೊತ್ತಾಗಿರಬೇಕು. ಮಾಸ್ಟರ್ ಕೀಯನ್ನು ಶಿಫ್ಟ್ ಇನ್‌ಚಾರ್ಜ್ ಜೇಬಿನಲ್ಲಿಟ್ಟುಕೊಂಡು ಓಡಾಡುವ ಕಾರ್ಖಾನೆಯಲ್ಲಿ ಲಾಕೌಟ್ ಇದೆಯೆಂದು ನಾನು ಒಪ್ಪುವುದಿಲ್ಲ.

ಸೇಫ್ಟಿ ವಾಲ್ವಿನ ಕೆಳಗಿನ ವಾಲ್ವಿಗೂ ಬೀಗ ಹಾಕಬೇಕೇ?

ಅಂಥ ವಾಲ್ವ್ ಇದ್ದರೆ ತೆರೆದ ಸ್ಥಿತಿಯಲ್ಲೇ ಬೀಗ ಹಾಕಬೇಕು. ಚಾಲನೆಯಲ್ಲಿರುವ ಪಾತ್ರೆಯ ಒತ್ತಡ ಹೊರಹೋಗುವ ದಾರಿಯನ್ನು ಮುಚ್ಚಿ ಬೀಗ ಹಾಕುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಈ ಬೀಗಕ್ಕೆ ದುರಸ್ತಿಯ ಬೀಗಕ್ಕಿಂತ ಬೇರೆ ಬಣ್ಣವಿರಲಿ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

"ಲಾಕೌಟ್ ಸಾಧನ" ಎಂಬ ಪದ ಹುಡುಕುವುದಕ್ಕಿಂತ ಕಾನೂನಿನ ಆಶಯವನ್ನು ನೋಡುವುದು ಒಳ್ಳೆಯದು. 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಕಲಮು, ಸ್ಫೋಟಕ ಅಥವಾ ಉರಿಯುವ ಅನಿಲವು ಒತ್ತಡದಲ್ಲಿರುವ ಭಾಗದ ಜೋಡಣೆಯನ್ನು ಸಡಿಲಿಸುವ ಮೊದಲೇ ಸ್ಟಾಪ್ ವಾಲ್ವಿನಿಂದ ಅಥವಾ ಬೇರೆ ವಿಧಾನದಿಂದ ಅದರ ಹರಿವನ್ನು ಪರಿಣಾಮಕಾರಿಯಾಗಿ ನಿಲ್ಲಿಸಿರಬೇಕು, ಬಿಚ್ಚುವ ಮೊದಲು ಒತ್ತಡವನ್ನು ವಾತಾವರಣದ ಮಟ್ಟಕ್ಕೆ ಇಳಿಸಲು ಸಾಧ್ಯವಿರುವುದನ್ನೆಲ್ಲ ಮಾಡಿರಬೇಕು ಎಂದು ವಿಧಿಸಿತು. ಅಪಾಯಕಾರಿ ಅನಿಲ ಇರಬಹುದಾದ ಟ್ಯಾಂಕು, ಗುಂಡಿ, ಪೈಪುಗಳೊಳಗೆ ಇಳಿಯುವ ಬಗ್ಗೆ 36ನೇ ಕಲಮು ಮಾತನಾಡುತ್ತಿತ್ತು. ಆ ಕಾಯ್ದೆಯೂ ಸೇರಿದಂತೆ 13 ಕಾಯ್ದೆಗಳನ್ನು ಒಗ್ಗೂಡಿಸಿ 2020ರಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ರೂಪಿಸಲಾಗಿದೆ. ತೈಲ ಮತ್ತು ಅನಿಲ ಉದ್ಯಮದಲ್ಲಿ ಕೆಲಸದ ಪರ್ಮಿಟ್ ಕುರಿತ ಓಐಎಸ್‌ಡಿ 105ನೇ ಮಾನಕ ಬಳಕೆಯಲ್ಲಿದೆ. "ಪರಿಣಾಮಕಾರಿಯಾಗಿ ನಿಲ್ಲಿಸುವುದು" ಎಂಬ ಮಾತನ್ನು ಮನಃಪೂರ್ವಕವಾಗಿ ಓದಿಕೊಂಡರೆ, ಯಾರು ಬೇಕಾದರೂ ತೆರೆಯಬಹುದಾದ ವಾಲ್ವ್ ಆ ಮಾತಿಗೆ ಸಲ್ಲುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಎಷ್ಟು ಸಾಧನ ಕೊಳ್ಳಬೇಕು? ಎಲ್ಲಿಡಬೇಕು?

ಕಾರ್ಖಾನೆಯ ಎಲ್ಲ ವಾಲ್ವುಗಳಿಗೂ ಒಂದೊಂದು ಬೇಕಾಗಿಲ್ಲ. ಒಂದೇ ಹೊತ್ತಿಗೆ ನಡೆಯುವ ಅತಿ ದೊಡ್ಡ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು, ಅದರ ಮೇಲೆ ಸ್ವಲ್ಪ ಹೆಚ್ಚು ಇದ್ದರೆ ಸಾಕು; ಸಕ್ಕರೆ ಕಾರ್ಖಾನೆಗಾದರೆ ಹಂಗಾಮು ಮುಗಿದ ಮೇಲಿನ ಓವರ್‌ಹಾಲ್ ದಿನಗಳ ಲೆಕ್ಕ ಹಿಡಿಯಬೇಕು. ಸ್ಟೋರ್ಸಿನಲ್ಲಿ ಇಂಡೆಂಟ್ ಬರೆದು ಸಹಿ ಮಾಡಿಸಿ ಪಡೆಯಬೇಕಾದ ಸಾಧನ ರಾತ್ರಿ ಎರಡು ಗಂಟೆಗೆ ಯಾರ ಕೈಗೂ ಸಿಗುವುದಿಲ್ಲ. ಬಾಯ್ಲರ್ ಹೌಸ್, ಪ್ಯಾನ್ ಫ್ಲೋರ್, ಪಂಪ್ ಹೌಸ್‌ಗಳ ಗೋಡೆಯ ಮೇಲೆ, ಆ ಜಾಗದ ವಾಲ್ವುಗಳಿಗೆ ಹೊಂದುವ ಸಾಧನಗಳ ಆಕಾರವನ್ನು ಬಣ್ಣದಲ್ಲಿ ಬರೆದ ಹಲಗೆಯಿರಬೇಕು. ಯಾವುದು ಬಳಕೆಯಲ್ಲಿದೆ ಎಂಬುದು ಖಾಲಿ ಆಕಾರ ನೋಡಿದೊಡನೆ ಗೊತ್ತಾಗುತ್ತದೆ.

ಸಾಧನವನ್ನು ಯಾವಾಗ ಕೈಬಿಡಬೇಕು?

ಚಿಪ್ಪಿನ ಕೀಲಿನಲ್ಲಿ ಬಿರುಕು ಕಂಡಾಗ, ಕೇಬಲಿನ ಹೊದಿಕೆ ಸೀಳಿ ಒಳಗಿನ ಎಳೆಗಳು ತುಂಡಾಗಿರುವಾಗ, ಕ್ಲ್ಯಾಂಪು ಹಿಡಿತ ಬಿಟ್ಟಾಗ, ಬಿಸಿಗೆ ಆಕಾರ ಕೆಟ್ಟಾಗ ಅದೇ ದಿನ ಕೈಬಿಡಬೇಕು. ವರ್ಷಕ್ಕೊಮ್ಮೆಯಾದರೂ ಇಡೀ ಲಾಕೌಟ್ ಕ್ರಮವನ್ನು ಪರಿಶೀಲಿಸಬೇಕೆಂದು ಓಷಾ ನಿಯಮ ಹೇಳುತ್ತದೆ. ಸಾಧನಗಳನ್ನಂತೂ ಪ್ರತಿ ಬಾರಿ ತೊಡಿಸುವಾಗಲೂ ನೋಡಬೇಕು. ಕೈಬಿಟ್ಟ ಸಾಧನವನ್ನು ಗುಜರಿ ರಾಶಿಗೆ ಹಾಗೆಯೇ ಎಸೆದರೆ ಯಾರೋ ಎತ್ತಿಕೊಂಡು ಬಂದು ಮತ್ತೆ ಹಲಗೆಗೆ ನೇತುಹಾಕುತ್ತಾರೆ. ಎರಡು ತುಂಡು ಮಾಡಿ ಎಸೆಯಿರಿ.